ಅಂಗಾತ ಈಜುವವಳು

ಪುಟ್ಟಿಗೆ ಐವತ್ತು ದಾಟಿ ಎಷ್ಟೋ ವರ್ಷವಾಗಿತ್ತು. ತಲೆ ಅರ್ಧಕ್ಕರ್ಧ ನರೆತಿತ್ತು, ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತಿತ್ತು. ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಅಕ್ಕ ಕರೆಯುತ್ತಾಳೆಂದು ಭಾವ ಹಾಗೆ ಕರೆದರು, ಭಾವ ಕರೆಯುತ್ತಾರೆಂದು ಆ ಕಟ್ಟಡದ ಅಕ್ಕಪಕ್ಕದವರೂ ಹಾಗೆ ಕರೆದರು. ಅವಳ ನಿಜವಾದ ಹೆಸರಿಗೆ ಕೆಲಸ ಬೀಳುತ್ತಿದ್ದುದು ಬ್ಯಾಂಕಿನಲ್ಲಿ ಮಾತ್ರ.

ಅವಳ ಕಸುಬು ಹಲ್ಲು ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸಬೇಕು. ಯಾರ ಬಾಯಿ ಎಂದು ಅವಳಿಗೆ ಗೊತ್ತಿರುವುದಿಲ್ಲ. ದಿನವಿಡೀ ಕಿಟಕಿಯ ಪಕ್ಕದ ಮೇಜಿನಲ್ಲಿ, ಕಂಡಿಲ್ಲದ ಜನರ ನಗುವನ್ನು ಕೈಯಲ್ಲಿ ಹಿಡಿದು ಕೂತಿರುವ ಕೆಲಸ ಅದು. ಸಂಜೆ ಬೆರಳಿನಿಂದ ಮೇಣದ ವಾಸನೆ ಹೋಗುವವರೆಗೆ ತೊಳೆದು, ಬಸ್ಸಿನಲ್ಲಿ ಕೂತ ಕೂಡಲೇ ಚೀಲದಿಂದ ಪತ್ತೇದಾರಿ ಕಾದಂಬರಿ ತೆಗೆಯುತ್ತಿದ್ದಳು. ಇಳಿಯುವ ನಿಲ್ದಾಣ ತಪ್ಪಿ ಮುಂದಕ್ಕೆ ಹೋದದ್ದು ಒಂದೆರಡು ಸಲವಲ್ಲ.

ಈ ಹುಚ್ಚು ಹತ್ತಿಸಿದವಳು ಅಕ್ಕ. ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು, ಮಡಿಲಲ್ಲಿ ಕಾದಂಬರಿ. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಅರ್ಧ ಪುಟ. ಕೊಲೆ, ದೆವ್ವ, ಗೂಢಚಾರಿಕೆ, ಬಾಹ್ಯಾಕಾಶ, ಕಾಮಿಕ್ಸು, ಅವಳು ಬಿಟ್ಟದ್ದಿಲ್ಲ. ಗಂಭೀರ ಸಾಹಿತ್ಯದ ಬಗ್ಗೆ ಯಾರಾದರೂ ಮಾತೆತ್ತಿದರೆ "ಅದನ್ನ ವಯಸ್ಸಾದ ಮೇಲೆ ಓದ್ತೀನಿ" ಎನ್ನುತ್ತಿದ್ದಳು. ವಯಸ್ಸಾಯಿತು, ಆದರೆ ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು.

ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಕನ್ನಡಕ ಬದಲಾಯಿಸಿ ಉಪಯೋಗವಿಲ್ಲ ಎಂದರು ಡಾಕ್ಟರು. ಅಕ್ಕ ಅದನ್ನು ತನ್ನದೇ ರೀತಿಯಲ್ಲಿ ವಿವರಿಸುತ್ತಿದ್ದಳು. "ಎದುರಿಗೆ ನಿಂತವರ ಕಿವಿ ಕಾಣತ್ತೆ, ಹೆಗಲು ಕಾಣತ್ತೆ, ಮುಖ ಮಾತ್ರ ಇಲ್ಲ. ನಿಮ್ಮ ಭಾವನ ವಿಷಯದಲ್ಲಿ ನಷ್ಟ ಏನಿಲ್ಲ ಬಿಡು."

ಭಾವ ಪತ್ರಿಕೆಯ ಹಿಂದಿನಿಂದ "ಹೂಂ" ಎಂದರು. ಅವರು ಜೀವಮಾನವಿಡೀ ಸಿಟಿ ಬಸ್ಸು ಓಡಿಸಿದವರು. ಕಥೆ ಪುಸ್ತಕ ಮುಟ್ಟಿದವರಲ್ಲ. "ಸುಳ್ಳು ಕೇಳೋಕೆ ದುಡ್ಡು ಯಾಕೆ ಕೊಡ್ಬೇಕು, ನಮ್ಮ ಡಿಪೋ ಮ್ಯಾನೇಜರು ಪುಕ್ಕಟೆ ಹೇಳ್ತಿದ್ರು" ಎನ್ನುವುದು ಅವರ ವಾದ.

ಹೀಗೆ ಭಾನುವಾರದ ಓದು ಶುರುವಾಯಿತು. ಊಟ ಮುಗಿಸಿ ಪುಟ್ಟಿ ಅಕ್ಕನ ಮನೆಗೆ ಹೋಗುವುದು, ಅಕ್ಕ ಕಿಟಕಿಗೆ ಬೆನ್ನು ಹಾಕಿ ಬೆತ್ತದ ಕುರ್ಚಿಯಲ್ಲಿ ಕೂರುವುದು, ಪುಟ್ಟಿ ಹೊಸ ಪುಸ್ತಕ ಬಿಚ್ಚುವುದು. ಅಕ್ಕ ಸುಮ್ಮನೆ ಕೇಳುವ ಜಾತಿಯಲ್ಲ. ಪುಟಕ್ಕೊಂದು ಸಲ ಕೈಯೆತ್ತಿ ನಿಲ್ಲಿಸಿ ತೀರ್ಪು ಕೊಡಬೇಕು.

ಮೊದಲು ಓದಿದ್ದು 'ಲಿಫ್ಟ್ ನಿಂತ ಮೇಲೆ' ಎಂಬ ಕೊಲೆ ಕಾದಂಬರಿ. ಅದರ ಪತ್ತೇದಾರನಿಗೆ ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳು ಮಾತಾಡಿಸುವುದಿಲ್ಲ, ಕುಡಿಯುತ್ತಾನೆ, ನಿದ್ದೆಯಿಲ್ಲ.

"ಈಗಿನ ಪತ್ತೇದಾರರಿಗೆಲ್ಲ ಏನು ಬಂದಿದೆ ದೊಡ್ಡ ರೋಗ?" ಅಕ್ಕ ಸಿಡುಕಿದಳು. "ಒಬ್ಬನಿಗಾದ್ರೂ ನೆಟ್ಟಗೆ ಸಂಸಾರ ಮಾಡೋಕೆ ಬರತ್ತಾ? ನಮ್ಮ ಕಾಲದವನು ಹೊಟ್ಟೆ ತುಂಬ ಊಟ ಮಾಡಿ, ಗೊರಕೆ ಹೊಡೆದು ನಿದ್ದೆ ಮಾಡಿ, ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕೊಲೆಗಾರನ್ನ ಹಿಡೀತಿದ್ದ."

"ಅವನ ದುಃಖವೂ ಕಥೆಯ ಭಾಗವೇ ಅಲ್ವೇನೇ?"

"ದುಃಖ ಇರ್ಲಿ, ಬೇಡ ಅನ್ನಲ್ಲ. ಹೆಣ ತಣ್ಣಗಾಗ್ತಾ ಇರೋವಾಗ ಮೂರು ಪುಟ ಅವನ ದುಃಖ ಯಾಕೆ?"

ಮುಂದೆ ಒಂದು ಸುಟ್ಟ ಹೆಣ ಸಿಕ್ಕಿತು. ಅದರ ಕಟ್ಟಿಸಿದ ಹಲ್ಲು ಮಾತ್ರ ಥಳಥಳ ಹೊಳೆಯುತ್ತಿತ್ತು, ಆ ಹೊಳಪಿನಿಂದಲೇ ಪತ್ತೇದಾರ ಹೆಣ ಯಾರದೆಂದು ಕಂಡುಹಿಡಿದ. ಇಲ್ಲಿ ಓದು ನಿಲ್ಲಿಸಿದವಳು ಪುಟ್ಟಿ. "ಅಕ್ಕಾ, ಇದು ಆಗಲ್ಲ. ಅಷ್ಟು ಬೆಂಕೀಲಿ ವಸಡೆಲ್ಲ ಕರಗಿ ಮುದ್ದೆಯಾಗಿರತ್ತೆ."

"ಸುಮ್ನೆ ಓದೇ. ನಿನ್ನ ಹಲ್ಲಿನ ಅಂಗಡಿ ಇಲ್ಲಿ ತೆಗೀಬೇಡ."

ಕೊನೆಗೆ ಕೊಲೆಗಾರ ಕಾವಲುಗಾರನ ಅವಳಿ ತಮ್ಮನೆಂದು ಗೊತ್ತಾದಾಗ ಅಕ್ಕ ಎದ್ದು ಟೀ ಮಾಡಲು ಹೋದಳು. ಅವಳಿ ತಮ್ಮನನ್ನು ಕೊನೇ ಅಧ್ಯಾಯದಲ್ಲಿ ಹೆರಬಾರದು, ಹೆರುವುದಾದರೆ ಮೊದಲನೆಯದರಲ್ಲೇ ಹೆರಬೇಕು ಎಂಬುದು ಅಡುಗೆಮನೆಯಿಂದ ಬಂದ ತೀರ್ಪು.

'ಮೂರನೇ ಮಂಚ' ಎಂಬ ದೆವ್ವದ ಕಾದಂಬರಿಗೆ ಇದಕ್ಕಿಂತ ಕೆಟ್ಟ ಗತಿಯಾಯಿತು. ಆಸ್ಪತ್ರೆಯ ಹಳೇ ವಾರ್ಡಿನಲ್ಲಿ ಒಂದು ಮಂಚ, ಅದರಲ್ಲಿ ಮಲಗಿದವರಿಗೆಲ್ಲ ಯಾರೋ ಕಿವಿಯಲ್ಲಿ ಹೆಸರು ಕರೆದ ಹಾಗೆ ಕೇಳುತ್ತದೆ. ಓದುತ್ತಾ ಪುಟ್ಟಿಯ ಮೈ ಜುಂ ಅಂದಿತು. ಭಾವನ ಪತ್ರಿಕೆ ಬಹಳ ಹೊತ್ತಿನಿಂದ ಪುಟ ಮಗುಚಿರಲಿಲ್ಲ. ಆದರೆ ಕೊನೆಯಲ್ಲಿ ಎಲ್ಲವೂ ಗೋಡೆಯೊಳಗಿನ ತೂತುಬಿದ್ದ ಪೈಪಿನ ಸದ್ದು ಎಂದಾಯಿತು.

"ದೆವ್ವ ಅಂದ್ಮೇಲೆ ದೆವ್ವ ಆಗಿರ್ಬೇಕು!" ಅಕ್ಕ ಕುರ್ಚಿಯ ಕೈ ಬಡಿದಳು. "ಆಮೇಲೆ ಪೈಪು ಅಂದ್ರೆ? ನಾನು ಹೆದರಿಕೊಂಡಿದ್ದನ್ನ ಅವರು ವಾಪಸ್ ಕೊಡ್ತಾರಾ?"

ಅವಳು ಮನಸಾರೆ ಹೊಗಳಿದ್ದು 'ಉಪ್ಪಿನ ಗ್ರಹ'ವನ್ನು. ಯಾರೂ ಇಲ್ಲದ ಗ್ರಹದಲ್ಲಿ ಒಬ್ಬಳು ರೇಡಿಯೋ ಆಪರೇಟರ್. ಅವಳು ಕಳಿಸಿದ ಮಾತು ಭೂಮಿಗೆ ಮುಟ್ಟಿ ಉತ್ತರ ಬರಲು ವರ್ಷಗಳು ಬೇಕು. "ಹಲೋ, ಕೇಳಿಸ್ತಿದೆಯಾ" ಎಂದು ಹರೆಯದಲ್ಲಿ ಕೇಳಿದ್ದಕ್ಕೆ "ಕೇಳಿಸ್ತಿದೆ" ಎಂಬ ಉತ್ತರ ಬರುವಾಗ ಅವಳ ತಲೆ ನರೆತಿದೆ. ಅಕ್ಕ ಆ ಪುಟವನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ, "ಇದನ್ನ ಬರೆದವರು ಒಂದಲ್ಲ ಒಂದು ದಿನ ಎಕ್ಸ್‌ಚೇಂಜಲ್ಲಿ ಕೂತಿರ್ತಾರೆ ನೋಡು" ಎಂದಳು. ಆ ಕಾದಂಬರಿಯ ದ್ವಿತೀಯಾರ್ಧದಲ್ಲಿ ಯುದ್ಧ ಶುರುವಾಗುತ್ತದೆ. "ಯುದ್ಧದ ತನಕ ಚಿನ್ನ, ಆಮೇಲೆ ತಗಡು" ಎಂದು ಮುಗಿಸಿದಳು.

ತೊಂದರೆ ಬಂದದ್ದು ಕಾಮಿಕ್ಸಿನಲ್ಲಿ.

ಅಕ್ಕನಿಗೆ ಕಾಮಿಕ್ಸೆಂದರೆ ಪ್ರಾಣವೆಂದು ಪುಟ್ಟಿ ಹೊಸದೊಂದನ್ನು ತಂದಿದ್ದಳು. ಓದಲು ಕೂತ ಮೇಲೆ ಗೊತ್ತಾಯಿತು, ಓದಲು ಅದರಲ್ಲಿ ಮಾತೇ ಇಲ್ಲ. ಪುಟಕ್ಕೆ ಎರಡು ಸಾಲು, ಉಳಿದದ್ದೆಲ್ಲ ಚಿತ್ರ. ಅವಳು ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ಮೊದಲನೇ ಚೌಕದಲ್ಲಿ ಒಂದು ಬೀದಿ. ಎಡಗಡೆ ಮೂರು ಮನೆ. ಬಲಗಡೆ ದೀಪದ ಕಂಬ. ಎರಡನೇ ಚೌಕದಲ್ಲಿ ಒಬ್ಬ ಮನುಷ್ಯ. ಕೋಟು ಹಾಕಿದಾನೆ. ಮೂರನೇ ಚೌಕದಲ್ಲಿ ಅವನ ಬೂಟು..."

"ಪುಟ್ಟಿ," ಅಕ್ಕ ತಡೆದಳು, "ಇದು ಕಥೆಯೋ, ಯಾರದಾದ್ರೂ ಬಾಯಿ ತಪಾಸಣೆಯೋ?"

ಭಾವ ಪತ್ರಿಕೆಯ ಹಿಂದೆ ಕಿಸಕ್ಕನೆ ನಕ್ಕರು.

"ಮತ್ತೆ ಹೇಗೆ ಹೇಳ್ಲಿ? ಇರೋದನ್ನೇ ಹೇಳ್ತಿದೀನಿ."

"ಇರೋದನ್ನ ಹೇಳ್ಬೇಡ, ಆಗಿದ್ದನ್ನ ಹೇಳು. ನಾನು ನಿನಗೆ ಹೇಗೆ ಓದ್ತಿದ್ದೆ, ಮರೆತುಹೋಯ್ತಾ?"

ಮರೆಯುವುದುಂಟೆ. ಆ ಸಂಜೆ ಬಸ್ಸಿನಲ್ಲಿ ಪುಟ್ಟಿ ಪುಸ್ತಕ ತೆಗೆಯಲಿಲ್ಲ. ಕಿಟಕಿಯಾಚೆ ಓಡುವ ಅಂಗಡಿ ದೀಪಗಳನ್ನು ನೋಡುತ್ತಾ ರೈಲ್ವೆ ಯಾರ್ಡಿನ ಮನೆಯನ್ನು ನೆನೆಸಿಕೊಂಡು ಕೂತಳು.

ಅಪ್ಪನ ಕೆಲಸ ದೂರದೂರದಿಂದ ಬಂದು ನಿಂತ ಬೋಗಿಗಳನ್ನು ತೊಳೆಯುವುದು. ಪ್ರಯಾಣಿಕರು ಬಿಟ್ಟುಹೋದ ಕೊಡೆ, ಕೈಚೀಲಗಳನ್ನು ಆಫೀಸಿಗೆ ಒಪ್ಪಿಸಬೇಕು. ಆದರೆ ಸೀಟಿನ ಕೆಳಗೆ ಬಿದ್ದ ಹರಕು ಪುಸ್ತಕ ಆಫೀಸಿಗೂ ಬೇಡ. ಅದು ಅಪ್ಪನ ಚೀಲ ಸೇರಿ ಮನೆಗೆ ಬರುತ್ತಿತ್ತು. ರಕ್ಷಾಪುಟವಿಲ್ಲದ ಪತ್ತೇದಾರಿಗಳು, ಚಹಾ ಚೆಲ್ಲಿದ ದೆವ್ವಗಳು, ಮೊದಲ ಅಧ್ಯಾಯವೇ ಇಲ್ಲದ ಪ್ರೇಮಗಳು. ಒಂದೇ ಕೋಣೆಯ ಮನೆ, ಕಿಟಕಿ ತೆಗೆದರೆ ಹಳಿ. ಗಾಡಿ ಹೋಗುವಾಗ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಪ್ಪ ರೈಲು ತೊಳೆದರೆ ಅಕ್ಕ ರೈಲು ಬಿಡುತ್ತಾಳೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು, ಏಕೆಂದರೆ ಹರಿದುಹೋದ ಪುಟಗಳನ್ನೆಲ್ಲ ಅಕ್ಕ ಬಾಯಿಂದಲೇ ತುಂಬಿಸುತ್ತಿದ್ದಳು.

ಒಂದು ದಿನ ಅಪ್ಪ ತಂದದ್ದು ಬಣ್ಣದ ಕಾಮಿಕ್ಸು. ದಪ್ಪ ಕಾಗದ, ಕಿತ್ತಳೆ ಸಿಪ್ಪೆಯ ವಾಸನೆ. ಭಾಷೆ ಯಾವುದೋ ಪರದೇಶದ್ದು, ಅಕ್ಷರಗಳು ಇರುವೆ ಸಾಲು ಹೊರಟ ಹಾಗೆ. ಪುಟ್ಟಿಗೆ ಆಗ ಯಾವ ಅಕ್ಷರವೂ ಬರುತ್ತಿರಲಿಲ್ಲ. ಅಕ್ಕ ಆಗಲೇ ಶಾಲೆಯಲ್ಲಿ ದೊಡ್ಡ ತರಗತಿಯ ಎತ್ತರದ ಬೆಂಚಿನವಳು. ಅವಳು ಗೋಡೆಗೊರಗಿ ಕೂತು, ಪುಟ್ಟಿಯನ್ನು ಮಗ್ಗುಲಿಗೆ ಎಳೆದುಕೊಂಡು, ಆ ಇರುವೆ ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸದೆ ಓದುತ್ತಾ ಹೋದಳು.

ಕಥೆ ಒಂದು ದ್ವೀಪದ್ದು. ಅಲ್ಲಿ ದೀಪಸ್ತಂಭದ ಮನೆ, ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕ ಹುಡುಗಿ. ಒಂದು ದಿನ ನೀಲಿ ನಿಲುವಂಗಿ ತೊಟ್ಟ ಒಬ್ಬ ಕುದುರೆಯೇರಿ ಬರುತ್ತಾನೆ. ಅವನು ಡಾಕ್ಟರ್ ಮಾಮ. ಅಮ್ಮನಿಗೆ ಹುಷಾರಿಲ್ಲ, ಆಚೆ ದಡಕ್ಕೆ ಹೋಗಿ ಮದ್ದು ತಗೊಳ್ಳಬೇಕು ಎನ್ನುತ್ತಾನೆ. ಅಮ್ಮ ಒಬ್ಬಳೇ ದೋಣಿಯಲ್ಲಿ ಹೊರಡುತ್ತಾಳೆ. ಬಿರುಗಾಳಿ ಬರುತ್ತದೆ, ದೋಣಿ ಮಗುಚುತ್ತದೆ. ಮುಂದಿನದು ಇಡೀ ಪುಟದ ಚಿತ್ರ. ತಿಳಿಹಸಿರು ನೀರು, ಅದರ ಮೇಲೆ ಅಂಗಾತವಾಗಿ ಅಮ್ಮ, ಹರಡಿಕೊಂಡ ಕೂದಲು, ಮುಚ್ಚಿದ ಕಣ್ಣು. ಅವಳು ಈಜುತ್ತಿದ್ದಾಳೆ. ಈಜಿ ಈಜಿ ಮನೆಗೆ ಬರುತ್ತಾಳೆ.

ಮುಂದೆ ಪುಟ್ಟಿ ಶಾಲೆಗೆ ಸೇರಿ ಅಕ್ಷರ ಕಲಿತು ಬಂದು, "ಅಕ್ಕಾ, ಈ ಪುಸ್ತಕದಲ್ಲಿರೋದು ನಮ್ಮ ಅಕ್ಷರ ಅಲ್ವಲ್ಲೇ" ಎಂದಿದ್ದಳು. ಅಕ್ಕ ಕಣ್ಣು ಮಿಟುಕಿಸದೆ, "ಅದು ದೊಡ್ಡವರ ಅಕ್ಷರ, ನಿಂಗೆ ಮುಂದಿನ ವರ್ಷ ಹೇಳ್ಕೊಡ್ತಾರೆ" ಎಂದಿದ್ದಳು. ಅದೆಲ್ಲ ಅಕ್ಕನ ರೈಲೆಂದು ಗೊತ್ತಾಗುವಷ್ಟರಲ್ಲಿ ಮನೆ ಬದಲಾಗಿತ್ತು, ಪುಸ್ತಕ ಕಳೆದಿತ್ತು, ಆದರೆ ಕಥೆ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಮಾತು ಅಕ್ಕನದಿರಬಹುದು, ಚಿತ್ರ ಸುಳ್ಳು ಹೇಳುತ್ತದೆಯೇ ಎಂದುಕೊಂಡು ಪುಟ್ಟಿ ಮತ್ತೆ ಅದರ ಬಗ್ಗೆ ಯೋಚಿಸಿರಲಿಲ್ಲ.

ತಪಾಸಣೆಯ ಮಾತಾಗಿ ಕೆಲವು ವಾರ ಕಳೆದಿದ್ದವು. ಹಲ್ಲಿನ ಸೆಟ್ಟು ಕೊಟ್ಟು ಬರಲು ಕ್ಲಿನಿಕ್ಕಿಗೆ ಹೋಗಿದ್ದ ಪುಟ್ಟಿ ಪಕ್ಕದ ಪುಸ್ತಕದಂಗಡಿಗೆ ಇಣುಕಿದಳು. ಹೊಸದಾಗಿ ಬಂದ ಕಾಮಿಕ್ಸುಗಳ ನಡುವೆ ಒಂದು ದಪ್ಪ ಪುಸ್ತಕ ನಿಂತಿತ್ತು. ರಕ್ಷಾಪುಟದ ಮೇಲೆ ನೀಲಿ ನಿಲುವಂಗಿಯ ಸವಾರ. ಕುದುರೆಯ ಮುಂಗಾಲೊಂದು ಬೆಳ್ಳಗೆ. ಪುಟ್ಟಿ ಅದನ್ನು ಕೈಗೆತ್ತಿಕೊಂಡಳು. ಇಷ್ಟು ವರ್ಷದ ಮೇಲೆ ಬಾಲ್ಯದ ನೆರೆಯವರು ಎದುರಿಗೆ ಸಿಕ್ಕರೆ ಆಗುತ್ತದಲ್ಲ, ಹಾಗಾಯಿತು.

"ಇದು ಹಳೇದು, ಈಗ ನಮ್ಮ ಭಾಷೆಗೆ ಬಂದಿದೆ," ಎಂದಳು ಅಂಗಡಿಯಾಕೆ. "ಅವರ ದೇಶದಲ್ಲಿ ಬಹಳ ಹೆಸರು ಮಾಡಿದ್ದಂತೆ. ಓದಿದೀರಾ?"

"ಓದಿದೀನಿ," ಎಂದಳು ಪುಟ್ಟಿ, ಆಮೇಲೆ ತಡೆದು, "ಓದಿ ಹೇಳಿದಾರೆ" ಎಂದಳು.

ಭಾನುವಾರದವರೆಗೆ ಅವಳು ಅದನ್ನು ಬಿಚ್ಚಲಿಲ್ಲ. ಒಬ್ಬಳೇ ಓದಿದರೆ ಅಕ್ಕನಿಗೆ ಮೋಸ ಮಾಡಿದ ಹಾಗೆ ಅನ್ನಿಸಿತು. ಲ್ಯಾಬಿನಲ್ಲಿ ಮೇಣ ಕರಗಿಸುತ್ತಾ, ಹಲ್ಲು ಕೂರಿಸುತ್ತಾ, ಆ ಹಸಿರು ನೀರಿನ ಪುಟವನ್ನೇ ನೆನೆಯುತ್ತಿದ್ದಳು.

"ಏನು ತಂದಿದೀನಿ ಅಂತ ನೀನೇ ಹೇಳು ನೋಡೋಣ," ಪುಟ್ಟಿ ಪುಸ್ತಕವನ್ನು ಅಕ್ಕನ ಮಡಿಲಿಗಿಟ್ಟಳು. ಅಕ್ಕ ತಲೆ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಿದಳು. ರಕ್ಷಾಪುಟವನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು.

"ನೀಲಿ ಕಾಣ್ತಿದೆ... ಕುದುರೆಯ ಬಾಲವಾ ಇದು?" ಅಕ್ಕನ ದನಿ ಬದಲಾಯಿತು. "ಅಯ್ಯೋ, ಡಾಕ್ಟರ್ ಮಾಮ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರು ಈ ಡಾಕ್ಟರು ಎಂದು ಕೇಳುತ್ತಾ ಭಾವ ಪತ್ರಿಕೆ ಕೆಳಗಿಳಿಸಿದರು. ಅಕ್ಕ ಹೇಳಲಿಲ್ಲ. "ಓದೇ, ಬೇಗ ಓದು" ಎಂದಳು.

ಪುಟ್ಟಿ ಓದಿದಳು. ಈ ಸಲ ಚೌಕಗಳ ಲೆಕ್ಕ ಹೇಳಲಿಲ್ಲ. ಗಾಳಿ ಹೇಗೆ ಬೀಸುತ್ತಿದೆ, ಹುಡುಗಿ ಮೆಟ್ಟಿಲಲ್ಲಿ ಹೇಗೆ ಓಡಿ ಇಳಿಯುತ್ತಾಳೆ ಎಂದು ಹೇಳುತ್ತಾ ಹೋದಳು. ಕುದುರೆ ಬಂತು. ಸವಾರ ಬಾಯಿ ತೆರೆದ. ಅವನು ಡಾಕ್ಟರಲ್ಲ. ದ್ವೀಪ ತನ್ನದು, ದೀಪಸ್ತಂಭದ ಮನೆ ಖಾಲಿ ಮಾಡಿ ಎಂದು ಹೇಳಲು ಬಂದ ದೊರೆಯ ಬಂಟ.

"ಎಲಾ ಇವನ!" ಅಕ್ಕ ಎಂದಳು. "ನಾನು ಇವನಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದೆ."

ಅಮ್ಮ ದೋಣಿ ಹತ್ತಿದ್ದು ಮದ್ದಿಗಲ್ಲ, ದೊರೆಯನ್ನು ಕಂಡು ಬೇಡಿಕೊಳ್ಳಲು. ಬಿರುಗಾಳಿ ಬಂತು. ದೋಣಿ ಮಗುಚಿತು. ಪುಟ್ಟಿ ಪುಟ ತಿರುಗಿಸಿದಳು, ಅಲ್ಲೇ ಓದು ನಿಲ್ಲಿಸಿದಳು.

ಅದೇ ಹಸಿರು ನೀರು, ಅದೇ ಕೂದಲು. ಚಿತ್ರ ಒಂದಿಷ್ಟೂ ಬದಲಾಗಿರಲಿಲ್ಲ. ನೋಡುವ ಕಣ್ಣಿಗೆ ವಯಸ್ಸಾಗಿತ್ತು. ತುಟಿಯ ಬಣ್ಣ, ಸೋತ ಬೆರಳುಗಳು, ಒಂದು ಕಾಲಿಗೆ ಸುತ್ತಿಕೊಂಡ ಹಗ್ಗ. ಈಜುವವರು ಹೀಗಿರುವುದಿಲ್ಲ. ಕೆಳಗೆ ಒಂದೇ ಸಾಲು ಇತ್ತು: ಬೆಳಗಾಗುವಾಗ ಅಲೆಗಳು ಅವಳನ್ನು ದಡಕ್ಕೆ ತಂದು ಒಪ್ಪಿಸಿದವು.

ಅಕ್ಕನಿಗೆ ಕಾಣುವುದಿಲ್ಲ, ಏನು ಬೇಕಾದರೂ ಹೇಳಬಹುದು. ಈಜುತ್ತಿದ್ದಾಳೆ ಎಂದೇ ಹೇಳಿಬಿಡಲೇ?

"ಯಾಕೆ ನಿಲ್ಲಿಸ್ದೆ?" ಅಕ್ಕ ಮೆಲ್ಲಗೆ ಕೇಳಿದಳು. "ನೀರಿನ ಪುಟ ಬಂತಾ?"

"ಬಂತು."

"ಓದು, ಪರವಾಗಿಲ್ಲ. ನಂಗೆ ಆವಾಗ್ಲೇ ಗೊತ್ತಿತ್ತು."

ಪುಟ್ಟಿ ಆ ಸಾಲನ್ನು ಓದಿದಳು. ಅಕ್ಕ ತಲೆಯಾಡಿಸಿದಳು. ಭಾವ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟು, "ಏನು ಗೊತ್ತಿತ್ತು?" ಎಂದರು.

"ಆ ವರ್ಷ ನಮ್ಮಮ್ಮ ಆಸ್ಪತ್ರೇಲಿದ್ಲು," ಅಕ್ಕ ಅವರ ದನಿ ಬಂದ ಕಡೆ ತಿರುಗಿದಳು. "ಎದೆಯ ಕಾಯಿಲೆ. ಗುಡ್ಡದ ಮೇಲಿನ ಆಸ್ಪತ್ರೆ, ಮಕ್ಕಳನ್ನ ಒಳಗೆ ಬಿಡ್ತಿರಲಿಲ್ಲ. ಅಪ್ಪ ರಜೆ ಸಿಕ್ಕಾಗ ಹೋಗಿ ಬರ್ತಿದ್ರು, ಬಂದು ಏನೂ ಹೇಳ್ತಿರಲಿಲ್ಲ. ನಾನು ನಲ್ಲಿ ಹತ್ರ ನೀರಿಗೆ ನಿಂತಾಗ ಹೆಂಗಸರು ಮಾತಾಡ್ಕೊಂಡ್ರು. ಇನ್ನು ಆ ಮಕ್ಕಳ ಗತಿ ಏನು ಅಂತ. ಅವತ್ತು ಸಂಜೇನೇ ಅಪ್ಪ ಈ ಪುಸ್ತಕ ತಂದಿದ್ದು."

ಪುಟ್ಟಿಗೆ ನಲ್ಲಿ ನೆನಪಿತ್ತು, ಹೆಂಗಸರು ನೆನಪಿರಲಿಲ್ಲ.

"ಈ ಪುಟಕ್ಕೆ ಬಂದಾಗ ನೀನು ಕೇಳ್ದೆ, ಅಮ್ಮ ಸತ್ತೋದ್ಲಾ ಅಂತ. ಚಿತ್ರದಲ್ಲಿರೋಳ ಬಗ್ಗೆ ಕೇಳಿದ್ದು, ನಂಗೆ ಗೊತ್ತು. ಆದ್ರೂ ಆ ಮಾತು ಕಿವಿಗೆ ಬಿದ್ದ ಕೂಡ್ಲೇ ನಂಗೆ ಕೈಕಾಲು ಆಡ್ಲಿಲ್ಲ. ಇಲ್ಲ ಕಣೇ, ಈಜ್ತಿದಾಳೆ ಅಂದ್ಬಿಟ್ಟೆ. ಕಣ್ಣು ಯಾಕೆ ಮುಚ್ಚಿದಾಳೆ ಅಂದೆ ನೀನು. ಅಂಗಾತ ಈಜೋರು ಬಿಸಿಲಿಗೆ ಕಣ್ಣು ಮುಚ್ಕೋತಾರೆ ಅಂದೆ."

"ಅದನ್ನ ನಾನು ಇವತ್ತಿನ ತನಕ ನಂಬಿದೀನಿ," ಎಂದಳು ಪುಟ್ಟಿ.

"ಹೇಳೋದೇನೋ ಹೇಳ್ಬಿಟ್ಟೆ. ಆಮೇಲೆ ಪಟ್ಟ ಪಾಡು ಕೇಳು! ಮುಂದಿನ ಪುಟಗಳಲ್ಲಿ ಅವಳು ಎಲ್ಲೂ ಇಲ್ಲ. ನೀನು ಪುಟ ಪುಟಕ್ಕೂ ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ ಪ್ರಾಣ ತಿಂತಿದ್ದೆ. ಒಂದ್ಸಲ ಒಳಗೆ ಅಡುಗೆ ಮಾಡ್ತಿದಾಳೆ ಅಂದೆ, ಒಂದ್ಸಲ ಆ ಬಾಗಿಲ ಹಿಂದೆ ಇದಾಳೆ ಅಂದೆ. ಎಲ್ಲೋ ಒಂದು ಕಿಟಕೀಲಿ ನೆರಳು ಬಿಡಿಸಿದ್ರು, ಪುಣ್ಯಾತ್ಮರು. ಅಗೋ ನೋಡು ಅಂತ ತೋರ್ಸಿ ಉಸಿರು ಬಿಟ್ಟೆ."

ಪುಟ್ಟಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಬಾಗಿಲು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಬಾಗಿಲ ಹಿಂದೆ ಅಮ್ಮ ಇದ್ದಾಳೆಂಬ ನೆಮ್ಮದಿಯೂ ನೆನಪಿತ್ತು. ಅಪ್ಪ ಕೆಲಸಕ್ಕೆ ಹೋದಾಗ, ಅಕ್ಕ ಒಲೆ ಹಚ್ಚಲು ಊದುತ್ತಾ ಕೆಮ್ಮುವಾಗ, ತನಗೆ ಭಯವಾದ ನೆನಪೇ ಇರಲಿಲ್ಲ. ಆ ವರ್ಷವೆಂದರೆ ಅವಳಿಗೆ ಲೋಟಗಳ ಕಿಣಿಕಿಣಿ, ಕಿತ್ತಳೆಯ ವಾಸನೆ, ಅಕ್ಕನ ಮಗ್ಗುಲಿನ ಬಿಸಿ. ಅಷ್ಟೂ ದಿನ ಅಕ್ಕ ಒಬ್ಬಳೇ ಆ ನೀರಿನ ಪುಟವನ್ನು ಇದ್ದ ಹಾಗೆಯೇ ನೋಡುತ್ತಿದ್ದಳು.

"ನಿನಗೆ ಯಾರು ಹೇಳ್ತಿದ್ರು ಅಕ್ಕಾ, ಅಮ್ಮ ಬರ್ತಾಳೆ ಅಂತ?"

"ನಾನೇ ದಿನಾ ಗಟ್ಟಿಯಾಗಿ ಓದ್ತಿದ್ನಲ್ಲ. ಕಿವಿಗೆ ಬೀಳ್ತಿತ್ತು."

ಅಮ್ಮ ಬಂದಳು. ಅದೂ ಪುಟ್ಟಿಗೆ ನೆನಪಿತ್ತು. ಒಂದು ಸಂಜೆ ಅಪ್ಪನ ತೋಳು ಹಿಡಿದು ಹಳಿ ದಾಟಿ ಬಂದಳು, ಕೂದಲು ಗಿಡ್ಡ ಮಾಡಿದ್ದರು, ಬಟ್ಟೆ ಮೈಮೇಲೆ ನೇತಾಡುತ್ತಿತ್ತು. ಅಕ್ಕ ಹೊಸ್ತಿಲಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಆಟ ಬಿಟ್ಟು ಏಳದೆ, "ಈಜಿ ಬಂದ್ಯಾಮ್ಮ?" ಎಂದು ಕೇಳಿದಳು.

"ಇಲ್ಲ ಪುಟ್ಟಿ, ರೈಲಲ್ಲಿ ಬಂದೆ," ಎಂದಿದ್ದಳು ಅಮ್ಮ.

ಆಮೇಲೆ ಬಹಳ ವರ್ಷ ಬದುಕಿದಳು ಅಮ್ಮ. ಅಕ್ಕನ ಮದುವೆ ಮಾಡಿದಳು, ಪುಟ್ಟಿ ಮೊದಲ ಸಂಬಳದಲ್ಲಿ ಕೊಡಿಸಿದ ಕೋಟನ್ನು ಬೇಸಿಗೆಯಲ್ಲೂ ತೊಟ್ಟು ತಿರುಗಿದಳು. ಈಜಿನ ಆ ಪ್ರಶ್ನೆ ಯಾಕೆ ಕೇಳಿದೆ ಎಂದು ಅವಳು ಕೇಳಲಿಲ್ಲ, ಅಕ್ಕತಂಗಿಯರು ಹೇಳಲೂ ಇಲ್ಲ.

"ಈಗ ಮುಂದೆ ಓದ್ತೀಯೋ, ಅಳ್ತಾ ಕೂರ್ತೀಯೋ?" ಅಕ್ಕ ಗದರಿದಳು. "ನಿಜವಾದ ಕಥೆ ಏನು ಅಂತ ನಂಗೂ ಗೊತ್ತಿಲ್ಲ. ಇಷ್ಟು ವರ್ಷ ಕಾದಿದೀನಿ."

ಪುಟ್ಟಿ ಮೂಗೊರೆಸಿಕೊಂಡು ಓದಿದಳು. ತಾಯಿ ಸತ್ತ ಹುಡುಗಿ ದೊಡ್ಡವಳಾಗುತ್ತಾಳೆ. ರಾತ್ರಿಗಳಲ್ಲಿ ದೀಪಸ್ತಂಭದ ದೀಪ ಉರಿಸುವುದನ್ನು ಕಲಿಯುತ್ತಾಳೆ. ದೊರೆಯ ಹಡಗುಗಳು ದ್ವೀಪಕ್ಕೆ ಬರುವ ದಿನ ದೀಪ ಆರಿಸುತ್ತಾಳೆ. ಹಡಗುಗಳು ಬಂಡೆಗೆ ಬಡಿಯುತ್ತವೆ. ಆದರೆ ನೀರಿಗೆ ಬಿದ್ದವರ ಕೂಗು ಕೇಳಿ ಅವಳಿಗೆ ತಡೆಯಲಾಗುವುದಿಲ್ಲ, ಮತ್ತೆ ದೀಪ ಹಚ್ಚುತ್ತಾಳೆ, ದೋಣಿ ಇಳಿಸಿ ಒಬ್ಬೊಬ್ಬರನ್ನೇ ಎಳೆದು ತರುತ್ತಾಳೆ. ಕಥೆ ಮುಗಿಯುವಾಗ ಕಿಟಕಿಯ ಬಿಸಿಲು ಗೋಡೆ ಬಿಟ್ಟು ಹೋಗಿತ್ತು.

"ಚೆನ್ನಾಗಿದೆ," ಎಂದಳು ಅಕ್ಕ. ಅಷ್ಟು ಸುಲಭವಾಗಿ ಅವಳು ಒಪ್ಪಿಕೊಂಡದ್ದು ಪುಟ್ಟಿಗೆ ಹಿಡಿಸಲಿಲ್ಲ.

"ನಿನ್ನದೇ ಚೆನ್ನಾಗಿತ್ತು."

"ಹುಚ್ಚಿ. ನನ್ನ ಕಥೇಲಿ ಆ ಹುಡುಗಿಗೆ ಕೆಲಸವೇ ಇರಲಿಲ್ಲ. ಅಮ್ಮ ಬರೋದನ್ನ ಕಾಯ್ತಾ ಕೂರೋದು, ಅಷ್ಟೇ. ಇದರಲ್ಲಿ ಅವಳು ಬೆಳೀತಾಳೆ, ತಪ್ಪು ಮಾಡ್ತಾಳೆ, ತಿದ್ಕೋತಾಳೆ. ಇದು ಕಥೆ ಅಂದ್ರೆ. ಒಂದೇ ಕೊರತೆ. ದೊರೆ ಬಾಯಿಗೆ ಅಷ್ಟುದ್ದ ಭಾಷಣ ಬೇಕಿರಲಿಲ್ಲ."

"ನಿನ್ನದರಲ್ಲಿ ಅವಳಮ್ಮ ಬದುಕಿದ್ಲು."

"ಬದುಕಿದ್ಲು ನಿಜ. ಬಾಗಿಲ ಹಿಂದೆ!"

ಇಬ್ಬರೂ ವಾದ ಮಾಡಿದರು. ಪುಟ್ಟಿ ಸೋಲೊಪ್ಪಲಿಲ್ಲ, ಅಕ್ಕ ತನ್ನ ಕಥೆಯನ್ನೇ ತಾನು ಹೀಗಳೆಯುವುದನ್ನು ಬಿಡಲಿಲ್ಲ. ನಡುವೆ ಭಾವ ಬಾಯಿ ಹಾಕಿದರು. "ಅಲ್ಲ, ಆ ಬಂಟ ಏನಾದ? ಅವನು ಮುಳುಗಿದ್ನೋ, ಇವಳು ಎತ್ತಿದ್ಲೋ?"

ಅಕ್ಕ ಗಂಡನ ಕಡೆ ಕಿವಿ ತಿರುಗಿಸಿದಳು. "ನೀವು ಕೇಳ್ತಿದ್ರಾ?"

"ಕಿವಿ ಮುಚ್ಕೊಂಡು ಕೂರೋಕಾಗತ್ತಾ," ಎಂದು ಭಾವ ಮತ್ತೆ ಪತ್ರಿಕೆ ಎತ್ತಿಕೊಂಡರು. ಆದರೆ ಪುಟ್ಟಿ ಹೊರಡುವಾಗ ಮೆಟ್ಟಿಲವರೆಗೆ ಬಂದು, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ, "ಎಕ್ಸ್‌ಚೇಂಜಲ್ಲಿ ಇಪ್ಪತ್ತು ಜನರ ಮಾತು ಕೇಳಿಸ್ಕೊಂಡು ಬರ್ತಿದ್ಲು, ಮನೇಲಿ ತನ್ನದೊಂದು ಮಾತು ಹೇಳ್ತಿರಲಿಲ್ಲ ಕಣಮ್ಮ. ನಲ್ಲಿ ಹತ್ರ ನಿಂತಿದ್ದು ನನಗೂ ಇವತ್ತೇ ಗೊತ್ತಾಗಿದ್ದು" ಎಂದರು. ಪುಟ್ಟಿ ಅವರ ತೋಳು ಮುಟ್ಟಿ ಇಳಿದು ಹೋದಳು.

ಅಕ್ಕನ ಕಣ್ಣು ಸುಧಾರಿಸಲಿಲ್ಲ. ಸುಧಾರಿಸುತ್ತದೆಂದು ಯಾರೂ ಹೇಳಿರಲೂ ಇಲ್ಲ. ಓದು ಮುಂದುವರಿಯಿತು. ಪುಟ್ಟಿಗೆ ಚಿತ್ರ ಹೇಳುವ ಕೈ ಕುದುರಿತು. ಯಾವುದನ್ನು ಬಿಡಬೇಕು, ಎಲ್ಲಿ ದನಿ ಇಳಿಸಬೇಕು, ಯಾವ ಚೌಕದ ಮುಂದೆ ಒಂದು ಗಳಿಗೆ ಸುಮ್ಮನಿರಬೇಕು ಎಂದು ತಿಳಿಯಿತು. ಆದರೆ ಇದ್ದದ್ದನ್ನು ಬದಲಾಯಿಸುತ್ತಿರಲಿಲ್ಲ. ಅಕ್ಕನಿಗೆ ಅದು ಬೇಕಿಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಬಸ್ಸು ಕೆಟ್ಟು ನಿಂತು ಪುಟ್ಟಿ ತಡವಾಗಿ ಬಂದಳು. ಮೆಟ್ಟಿಲು ಹತ್ತಿ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಭಾವನ ದನಿ ಕೇಳಿಸಿತು. ಡಿಪೋದಲ್ಲಿ ಮಾರ್ಗಗಳ ಹೆಸರು ಕೂಗುವ ಹಾಗೆ ಗಟ್ಟಿಯಾಗಿ, ಎಡವುತ್ತಾ ಓದುತ್ತಿದ್ದರು.

"ಆಗ ಕಳ್ಳರು ಬಸ್ಸನ್ನು ಸೇತುವೆಯ ಮೇಲೆ... ಇಲ್ಲಿ ಬಸ್ಸು ಗಾಳೀಲಿದೆ ಕಣೇ. ನಾಲ್ಕೂ ಚಕ್ರ ಮೇಲೆ. ಸುಳ್ಳು. ಇಷ್ಟು ಜನ ಕೂತಿರೋ ಬಸ್ಸು ಹೀಗೆ ಹಾರೋದೇ ಇಲ್ಲ."

"ರೀ, ಹಾರತ್ತೆ. ಮುಂದೆ ಹೇಳಿ."

"ಹಾರ್ಲಿ. ಆದ್ರೆ ಡ್ರೈವರು ಸ್ಟೇರಿಂಗ್ ಬಿಟ್ಟು ಕಿಟಕಿಯಿಂದ ಗುಂಡು ಹಾರಿಸ್ತಿದಾನಲ್ಲ, ಇವನಿಗೆ ಲೈಸೆನ್ಸ್ ಕೊಟ್ಟಿದ್ದು ಯಾರು?"

"ನಿಮ್ಮ ಹತ್ರ ಕಥೆ ಕೇಳೋದೂ ಒಂದೇ, ಗುಂಡಿ ಬಿದ್ದ ರಸ್ತೇಲಿ ಹೋಗೋದೂ ಒಂದೇ," ಅಕ್ಕನ ದನಿಯಲ್ಲಿ ನಗು ತುಂಬಿತ್ತು. "ಪ್ರಯಾಣಿಕರ ಗತಿ ಏನಾಯ್ತು, ಅದನ್ನ ಹೇಳಿ."

"ಇರೇ, ಪುಟ ತಿರುಗಿಸ್ಬೇಕಲ್ಲ. ಎರಡು ಪುಟ ಅಂಟ್ಕೊಂಡಿದೆ."

ಪುಟ್ಟಿ ಬಾಗಿಲಿನಿಂದ ಕೈ ತೆಗೆದಳು. ಮೊಣಕಾಲು ನೋಯುತ್ತಿತ್ತು. ಚೀಲವನ್ನು ಪಕ್ಕಕ್ಕಿಟ್ಟು ಮೇಲಿನ ಮೆಟ್ಟಿಲಲ್ಲೇ ಕೂತಳು, ಆ ಅಧ್ಯಾಯ ಮುಗಿಯುವವರೆಗೆ ಒಳಗೆ ಹೋಗುವುದು ಬೇಡವೆಂದು.